ಗಡಿಯ ಸಾಮಂತರು ಕಟ್ಟಿದ ಕಲ್ಯಾಣ: ಒಂದು ಸಂವಾದ

ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವನ್ನು ನೆಲೆವೀಡಾಗಿ ಮಾಡಿಕೊಂಡು ಆಳಿದ ಚಾಳುಕ್ಯರ ರಾಜ್ಯವು ಹೇಗೆ ನೆಲೆಗೊಂಡಿತು, ಚೋಳರೊಡನೆ ನಡೆದ ದೀರ್ಘ ಯುದ್ಧಕಾಲವನ್ನು ಅದು ಹೇಗೆ ದಾಟಿತು, ಕೊನೆಗೆ ಯಾರ ಕೈಯಲ್ಲಿ ಅಳಿಯಿತು ಎಂಬ ಪ್ರಶ್ನೆಗಳನ್ನು ಈ ಸಂವಾದವು ಪರಿಶೀಲಿಸುತ್ತದೆ. ಇದರಲ್ಲಿ ಮಾತನಾಡುವ ಇಬ್ಬರಲ್ಲಿ ಒಬ್ಬರು ಭೂಗೋಳದ ಅಧ್ಯಾಪಕರು. ಮತ್ತೊಬ್ಬರು ಶಾಸನಗಳ ಅಭ್ಯಾಸದಲ್ಲಿ ಬಹುಕಾಲ ತೊಡಗಿರುವ ಹಿರಿಯರು.

ಅಧ್ಯಾಪಕರು: ರಾಜಧಾನಿ ಎಂದರೆ ರಾಜ್ಯದ ನಡು, ಗಡಿ ಎಂದರೆ ಅದರ ಅಂಚು ಎಂಬುದು ಸಾಮಾನ್ಯ ತಿಳಿವಳಿಕೆ. ಕಲ್ಯಾಣವು ಸುಮಾರು ಒಂದೂವರೆ ಶತಮಾನದ ಕಾಲ ದಖ್ಖನದ ದೊಡ್ಡ ರಾಜ್ಯವೊಂದರ ರಾಜಧಾನಿಯಾಗಿತ್ತು. ಹೀಗಿರುವಾಗ ಆ ರಾಜ್ಯವನ್ನು ಗಡಿರಾಜ್ಯವೆಂದು ಕರೆಯುವುದಕ್ಕೆ ತಾವು ಕೊಡುವ ಆಧಾರವೇನು?

ಶಾಸನಜ್ಞರು: ಆಧಾರವು ಆ ರಾಜ್ಯದ ಹುಟ್ಟಿನಲ್ಲಿಯೇ ಇದೆ. ಅದನ್ನು ಸ್ಥಾಪಿಸಿದ ಎರಡನೆಯ ತೈಲಪನು ರಾಷ್ಟ್ರಕೂಟರ ಸಾಮಂತನಾಗಿದ್ದು, ಇಂದಿನ ವಿಜಯಪುರ ಜಿಲ್ಲೆಯ ತರ್ದವಾಡಿ ಸಾವಿರವನ್ನು ಅಣುಗಜೀವಿತವಾಗಿ, ಅಂದರೆ ಒಡೆಯನ ಮೆಚ್ಚುಗೆಯಿಂದ ಸೈನಿಕ ಸೇವೆಗಾಗಿ ದೊರೆತ ಜೀವನಾಧಾರವಾಗಿ ಪಡೆದಿದ್ದವನು. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕನು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಕೊಳ್ಳೆ ಹೊಡೆದನು. ಮರುವರ್ಷವೇ ತೈಲಪನು ತನ್ನ ಒಡೆಯ ಎರಡನೆಯ ಕರ್ಕನನ್ನು ಸೋಲಿಸಿ ಸಿಂಹಾಸನವನ್ನು ಹಿಡಿದನು. ಬಾದಾಮಿ ಚಾಳುಕ್ಯರ ವಂಶದವನೆಂದು ಅವನು ಹೇಳಿಕೊಂಡುದು ನಿಜವಾದರೂ, ಅವನನ್ನು ಅರಸನನ್ನಾಗಿ ಮಾಡಿದ್ದು ನಾಡೊಂದನ್ನು ಕಾಯುವುದಕ್ಕಾಗಿ ಅವನ ಕೈಗೆ ಬಂದಿದ್ದ ದಂಡೇ ಹೊರತು ವಂಶಾವಳಿಯಲ್ಲ. ಕೇಂದ್ರವು ದುರ್ಬಲವಾದಾಗ ಅಂಚಿನ ಅಧಿಕಾರಿಯು ಅರಸನಾಗುವ ರಾಜ್ಯವನ್ನೇ ಇಲ್ಲಿ ಗಡಿರಾಜ್ಯವೆಂದು ಕರೆಯಲಾಗಿದೆ.

ಅಧ್ಯಾಪಕರು: ತರ್ದವಾಡಿಯ ಮುಂದೆ ಬರುವ ಸಾವಿರ ಎಂಬ ಸಂಖ್ಯೆಯನ್ನು ಹೇಗೆ ತಿಳಿಯಬೇಕು?

ಶಾಸನಜ್ಞರು: ಬನವಾಸಿ ಪನ್ನಿರ್ಚ್ಛಾಸಿರ, ಅಂದರೆ 12000, ಬೆಳ್ವೊಲ 300, ನೊಳಂಬವಾಡಿ 32000 ಎಂಬಂತೆ ಆ ಕಾಲದ ಆಡಳಿತ ವಿಭಾಗಗಳೆಲ್ಲ ಸಂಖ್ಯೆಯೊಡನೆಯೇ ಶಾಸನಗಳಲ್ಲಿ ಬರುತ್ತವೆ. ಅವು ಹಳ್ಳಿಗಳ ಎಣಿಕೆಯೆಂದು ಕೆಲವು ವಿದ್ವಾಂಸರೂ, ಕಂದಾಯದ ಅಥವಾ ಸಂಪ್ರದಾಯದಿಂದ ಬಂದ ಅಂಕಿಗಳೆಂದು ಮತ್ತೆ ಕೆಲವರೂ ಹೇಳುತ್ತಾರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ, ರಾಜ್ಯವನ್ನು ನಾಡುನಾಡಾಗಿ ಎಣಿಸಿ, ಒಂದೊಂದನ್ನು ಒಬ್ಬ ಸಾಮಂತನಿಗೋ ದಂಡನಾಯಕನಿಗೋ ರಾಜವಂಶದವರಿಗೋ ವಹಿಸಿಕೊಡುವ ಪದ್ಧತಿ ಇತ್ತೆಂಬುದು ಸ್ಪಷ್ಟ. ದಂಡನಾಯಕನೆಂದರೆ ಸೇನಾಧಿಪತಿ, ಆದರೆ ಅವನೇ ನಾಡಿನ ಆಡಳಿತವನ್ನೂ ನೋಡಿಕೊಳ್ಳುತ್ತಿದ್ದುದರಿಂದ ಸೈನ್ಯವೂ ತೆರಿಗೆಯೂ ಒಂದೇ ಕೈಯಲ್ಲಿರುತ್ತಿದ್ದವು. ಈ ಹೊಣೆ ಗಂಡಸರಿಗೆ ಮಾತ್ರ ಮೀಸಲಾಗಿರಲಿಲ್ಲ. ಚಾಳುಕ್ಯ ದೊರೆ ಎರಡನೆಯ ಜಯಸಿಂಹನ ಸಹೋದರಿ ಅಕ್ಕಾದೇವಿಯು ಕಿಸುಕಾಡು 70ನ್ನು ಆಳಿದವಳು. 1047ರ ಶಾಸನವೊಂದು ಆಕೆ ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಯನ್ನು ಮುತ್ತಿ ಬೀಡುಬಿಟ್ಟಿದ್ದಳೆಂದು ತಿಳಿಸುತ್ತದೆ.

ಅಧ್ಯಾಪಕರು: ಹಾಗಾದರೆ ರಾಜಧಾನಿಯು ಮಾನ್ಯಖೇಟವನ್ನು ಬಿಟ್ಟು ಕಲ್ಯಾಣಕ್ಕೆ ಬಂದುದೇಕೆ? ಸೇಡಂ ತಾಲ್ಲೂಕಿನ ಮಳಖೇಡವಾಗಿ ಉಳಿದಿರುವ ಮಾನ್ಯಖೇಟದಿಂದ ಕಲ್ಯಾಣವು ನೇರ ಅಳತೆಯಲ್ಲಿ ಸುಮಾರು 75 ಕಿಲೋಮೀಟರ್ ಉತ್ತರಕ್ಕಿದೆ. ತುಂಗಭದ್ರೆಯಿಂದಾದರೆ 200 ಕಿಲೋಮೀಟರಿಗೂ ದೂರ. ದಕ್ಷಿಣದ ಚೋಳರಿಂದ ದೂರ ಸರಿಯುವುದೇ ಈ ಸ್ಥಳಾಂತರದ ಉದ್ದೇಶವಾಗಿತ್ತೆಂದು ಭೂಪಟವನ್ನು ನೋಡಿದವರಿಗೆ ತೋರುತ್ತದೆ.

ಶಾಸನಜ್ಞರು: ಅದು ಒಂದು ಕಾರಣವಾಗಿರಬಹುದು, ಆದರೆ ಅದೊಂದನ್ನೇ ಹೇಳಿದರೆ ಉತ್ತರದಲ್ಲಿ ಮಾಳವವಿತ್ತೆಂಬುದನ್ನು ಮರೆತಂತಾಗುತ್ತದೆ. ಮಾನ್ಯಖೇಟವನ್ನು ಕೊಳ್ಳೆ ಹೊಡೆದವರು ಚೋಳರಲ್ಲ, ಪರಮಾರರು. ತೈಲಪನ ಆಳ್ವಿಕೆಯ ದೊಡ್ಡ ಯುದ್ಧಗಳೂ ಪರಮಾರ ಮುಂಜನೊಡನೆ ನಡೆದವು, ಮುಂಜನು ಸೆರೆಸಿಕ್ಕಿ ಹತನಾದನು. ಪೂರ್ವದಲ್ಲಿ ವೆಂಗಿ ಇತ್ತು. ಕೃಷ್ಣಾ ಮತ್ತು ಗೋದಾವರಿ ನದಿಗಳ ನಡುವಿನ ಆ ಕರಾವಳಿ ನಾಡನ್ನು ಪೂರ್ವ ಚಾಳುಕ್ಯರು ಆಳುತ್ತಿದ್ದರು, ಅವರಿಗೆ ಚೋಳರೊಡನೆ ಮದುವೆಯ ಸಂಬಂಧವಿತ್ತು. ಕಲ್ಯಾಣದಿಂದ ಉತ್ತರಕ್ಕೆ ಗೋದಾವರಿಯ ಕಣಿವೆಗೂ, ಪೂರ್ವಕ್ಕೆ ಇಂದಿನ ತೆಲಂಗಾಣದಲ್ಲಿರುವ ಕೊಲ್ಲಿಪಾಕೆಗೂ, ದಕ್ಷಿಣಕ್ಕೆ ಕೃಷ್ಣೆಯ ಬಯಲಿಗೂ ಸೈನ್ಯವನ್ನು ಕಳುಹಿಸಲು ಅನುಕೂಲವಿತ್ತು. ಜಯಸಿಂಹನ ಕಾಲಕ್ಕೆ ಕಲ್ಯಾಣದ ಹೆಸರು ಕಾಣಿಸಿಕೊಂಡು, ಅವನ ಮಗ ಆಹವಮಲ್ಲನೆಂಬ ಬಿರುದಿನ ಮೊದಲನೆಯ ಸೋಮೇಶ್ವರನ ಕಾಲದಲ್ಲಿ ಅದು ಸ್ಥಿರವಾದ ರಾಜಧಾನಿಯಾಯಿತು. ಶಾಸನಗಳು ಬಳಸುವ ನೆಲೆವೀಡು ಎಂಬ ಪದಕ್ಕೆ ಅರಸನ ಸ್ಥಿರವಾದ ಬೀಡು ಎಂದರ್ಥ. ಬೀಡು ಎಂದರೆ ಮೂಲತಃ ದಂಡಿನ ತಂಗುದಾಣ.

ಅಧ್ಯಾಪಕರು: ಬೀದರ್ ಪ್ರಸ್ಥಭೂಮಿಯ ಮೇಲ್ಪದರದಲ್ಲಿ ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ದಖ್ಖನದ ಕಪ್ಪು ಬಸಾಲ್ಟ್ ಶಿಲೆ ಇವೆ, ಮಳೆಯೂ ನಂಬಿಕೆಗೆ ಅರ್ಹವಾದುದಲ್ಲ. ದೊಡ್ಡ ನದಿಯ ದಡದಲ್ಲಿಯೂ ಇಲ್ಲದ ಊರೊಂದು ರಾಜಧಾನಿಯ ಜನಸಂಖ್ಯೆಯನ್ನು ಹೇಗೆ ಹೊತ್ತಿತು?

ಶಾಸನಜ್ಞರು: ಕೆರೆಯಿಂದ, ದತ್ತಿಯಿಂದ ಮತ್ತು ಸುಂಕದಿಂದ. ದತ್ತಿ ಎಂದರೆ ದೇವಾಲಯಕ್ಕೋ ವಿದ್ವಾಂಸರಿಗೋ ಬಿಟ್ಟುಕೊಟ್ಟ ಭೂಮಿ ಅಥವಾ ತೆರಿಗೆಯ ಆದಾಯ. ಅಗ್ರಹಾರವೆಂಬುದು ವಿದ್ವಾಂಸರಾದ ಬ್ರಾಹ್ಮಣರಿಗೆ ಕೊಟ್ಟ ಗ್ರಾಮ. ಅದರ ಆಡಳಿತವನ್ನು ಮಹಾಜನರೆಂಬ ಸಭೆಯು ನಡೆಸುತ್ತಿತ್ತು. ಇಂಥ ದತ್ತಿಗಳನ್ನು ಪುಣ್ಯಕಾರ್ಯವೆಂದು ಮಾತ್ರ ಓದಿದರೆ ಅರ್ಧ ಮಾತ್ರ ಓದಿದಂತೆ. ದೇವಾಲಯವೊಂದು ಎದ್ದ ಕಡೆ ಕೆರೆಯ ದುರಸ್ತಿಗೆ ಹೊಣೆಗಾರರು ದೊರೆತರು, ಕಲ್ಲುಕುಟಿಗರೂ ಹೂವಾಡಿಗರೂ ಎಣ್ಣೆಯ ಗಾಣದವರೂ ನೆಲೆಸಿದರು, ಮತ್ತರುಗಳ ಲೆಕ್ಕದಲ್ಲಿ ಅಳೆದ ಹೊಲಗಳು ದಾಖಲೆಗೆ ಬಂದವು. ಮತ್ತರು ಎಂಬುದು ಆ ಕಾಲದ ಭೂಮಿಯ ಅಳತೆ. ಬಸವಕಲ್ಯಾಣದ ಪಕ್ಕದ ನಾರಾಯಣಪುರದ ಶಿವಾಲಯ, ಅದೇ ತಾಲ್ಲೂಕಿನ ಉಮಾಪುರದ ಮಹಾದೇವ ದೇವಾಲಯ, ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ದೇವಾಲಯಗಳು ರಾಜಧಾನಿಯ ಸುತ್ತಲಿನ ಹಳ್ಳಿನಾಡು ಹೇಗೆ ತುಂಬಿಕೊಂಡಿತ್ತೆಂಬುದಕ್ಕೆ ಇಂದಿಗೂ ನಿಂತಿರುವ ಸಾಕ್ಷಿಗಳು.

ಅಧ್ಯಾಪಕರು: ಈಗ ಯುದ್ಧಕಾಲಕ್ಕೆ ಬರೋಣ. ಚೋಳರ ಶಾಸನಗಳನ್ನು ಓದಿದರೆ ಅವರೇ ಗೆದ್ದಂತೆ, ಚಾಳುಕ್ಯರ ಶಾಸನಗಳನ್ನು ಓದಿದರೆ ಇವರೇ ಗೆದ್ದಂತೆ ಕಾಣುತ್ತದೆ. ಇಂಥ ಸಾಕ್ಷ್ಯದಿಂದ ಯಾವ ಇತಿಹಾಸವನ್ನು ಬರೆಯಲು ಸಾಧ್ಯ?

ಶಾಸನಜ್ಞರು: ಪ್ರಶಸ್ತಿ ಭಾಗ, ಅಂದರೆ ಅರಸನ ಹೊಗಳಿಕೆಗಾಗಿ ಬರೆದ ಭಾಗ, ಗೆಲುವಿನ ವಿಷಯದಲ್ಲಿ ನಂಬತಕ್ಕದ್ದಲ್ಲ, ಆದರೆ ತನ್ನ ನೆಲದಲ್ಲಿಯೇ ಆದ ಹಾನಿಯನ್ನು ಒಪ್ಪಿಕೊಳ್ಳುವ ಶಾಸನವನ್ನು ನಂಬಲು ಹೆಚ್ಚಿನ ಕಾರಣವಿದೆ. ಇಂದಿನ ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿರುವ 1007ರ ಶಾಸನವು ತೈಲಪನ ಮಗ ಸತ್ಯಾಶ್ರಯನ ಕಾಲದ್ದು. ಒಂಬತ್ತು ಲಕ್ಷ ಸೈನ್ಯದೊಡನೆ ಬಂದ ಚೋಳನು ದೋಣವೂರಿನಲ್ಲಿ ಬೀಡುಬಿಟ್ಟು ನಾಡನ್ನು ಸೂರೆಗೊಂಡನೆಂದೂ, ಹೆಂಗಸರು, ಮಕ್ಕಳು, ಬ್ರಾಹ್ಮಣರೆನ್ನದೆ ಕೊಂದನೆಂದೂ ಅದು ಹೇಳುತ್ತದೆ. ಒಂಬತ್ತು ಲಕ್ಷವೆಂಬುದು ಶತ್ರುವನ್ನು ಓಡಿಸಿದ ಸತ್ಯಾಶ್ರಯನ ಹಿರಿಮೆಯನ್ನು ಹೆಚ್ಚಿಸಲು ಹೇಳಿದ ಸಂಖ್ಯೆಯಾಗಿರಬಹುದು, ಕ್ರೌರ್ಯದ ವರ್ಣನೆಯಲ್ಲಿಯೂ ಶತ್ರುದ್ವೇಷ ಬೆರೆತಿರಬಹುದು; ಆದರೆ ಚೋಳರ ದಂಡು ತುಂಗಭದ್ರೆಯನ್ನು ದಾಟಿ ಒಳನಾಡಿಗೆ ಬಂದಿತ್ತೆಂಬುದರಲ್ಲಿ ಅನುಮಾನವಿಲ್ಲ. ಹಾಗೆಯೇ 1071ರ ಸುಮಾರಿನ ಗಾವರವಾಡ ಮತ್ತು ಅಣ್ಣಿಗೇರಿಯ ಶಾಸನಗಳು ಬೆಳ್ವೊಲದ ಜೈನ ಬಸದಿಗಳನ್ನು ಚೋಳರು ಸುಟ್ಟುದನ್ನು ನೆನೆದು, ಅವುಗಳ ಜೀರ್ಣೋದ್ಧಾರವಾದುದನ್ನು ದಾಖಲಿಸುತ್ತವೆ.

ಅಧ್ಯಾಪಕರು: ಕಲ್ಯಾಣವೂ ಸುಟ್ಟುಹೋಯಿತಲ್ಲವೇ?

ಶಾಸನಜ್ಞರು: ಹೌದು, ಅದಕ್ಕೆ ಸಾಕ್ಷಿ ತಮಿಳುನಾಡಿನಲ್ಲಿ ಉಳಿದಿದೆ. 11ನೆಯ ಶತಮಾನದ ನಡುಭಾಗಕ್ಕೆ ಸ್ವಲ್ಪ ಮುಂಚೆ ರಾಜಾಧಿರಾಜ ಚೋಳನು ಕಂಪಿಲಿಯ ಅರಮನೆಯನ್ನು ಕೆಡವಿ, ಮುಂದುವರಿದು ಕಲ್ಯಾಣವನ್ನು ಹಿಡಿದು, ವಿಜಯರಾಜೇಂದ್ರನೆಂಬ ಬಿರುದನ್ನು ಧರಿಸಿದನು. ಕಪ್ಪು ಕಲ್ಲಿನ ಚಾಳುಕ್ಯ ಶೈಲಿಯ ದ್ವಾರಪಾಲಕ ಮೂರ್ತಿಯೊಂದು ಕುಂಭಕೋಣದ ಸಮೀಪದ ದಾರಾಸುರಂ ದೇವಾಲಯದಲ್ಲಿತ್ತು. ಈಗ ಅದು ತಂಜಾವೂರಿನ ಅರಮನೆಯ ಕಲಾ ಸಂಗ್ರಹಾಲಯದಲ್ಲಿದೆ. ಕಲ್ಯಾಣಪುರವನ್ನು ಸುಟ್ಟು ವಿಜಯರಾಜೇಂದ್ರನು ತಂದ ದ್ವಾರಪಾಲಕನಿದು ಎಂದು ಅದರ ಪೀಠದ ತಮಿಳು ಬರಹವು ತಿಳಿಸುತ್ತದೆ. ಆದುದರಿಂದ ಉತ್ತರಕ್ಕೆ ಸರಿದ ರಾಜಧಾನಿಯು ಸುರಕ್ಷಿತವಾಗಿತ್ತೆಂಬ ವಾದ ನಿಲ್ಲುವುದಿಲ್ಲ.

ಅಧ್ಯಾಪಕರು: ರಾಜಧಾನಿಯನ್ನು ಕಳೆದುಕೊಂಡ ರಾಜ್ಯವು ಅಲ್ಲಿಗೇ ಮುಗಿಯಬೇಕಿತ್ತು. ಅದು ಮುಂದುವರಿದುದು ಹೇಗೆ?

ಶಾಸನಜ್ಞರು: ಈ ಪ್ರಶ್ನೆಯೇ ಇಡೀ ವಿಷಯದ ತಿರುಳು. ರಾಜ್ಯದ ಬಲವೆಲ್ಲ ನಗರದ ಗೋಡೆಯೊಳಗೆ ಇದ್ದಿದ್ದರೆ ಅದು ನಗರದೊಡನೆಯೇ ಹೋಗುತ್ತಿತ್ತು. ಆದರೆ ದಂಡೂ ಧಾನ್ಯವೂ ತೆರಿಗೆಯೂ ನಾಡುನಾಡಿನ ಸಾಮಂತರ ಬಳಿ ಹಂಚಿಹೋಗಿದ್ದವು. ಅರಸನು ಒಂದು ಬೀಡನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ ಅವರನ್ನು ಕೂಡಿಸಿಕೊಳ್ಳಬಹುದಾಗಿತ್ತು. 1054ರಲ್ಲಿ ಕೊಪ್ಪಂ ಎಂಬಲ್ಲಿ ನಡೆದ ಯುದ್ಧದಲ್ಲಿ ರಾಜಾಧಿರಾಜನು ಆನೆಯ ಮೇಲೆಯೇ ಮಡಿದನು. ತಮಿಳು ಶಾಸನಗಳು ಅವನನ್ನು ಆನೆಯ ಮೇಲೆ ಮಡಿದ ದೇವರು ಎಂದೇ ಕರೆಯುತ್ತವೆ. ಅವನ ತಮ್ಮ ಎರಡನೆಯ ರಾಜೇಂದ್ರನು ರಣರಂಗದಲ್ಲಿಯೇ ಪಟ್ಟಾಭಿಷಿಕ್ತನಾಗಿ ಯುದ್ಧದ ದಿಕ್ಕನ್ನು ಬದಲಿಸಿದನೆಂದು ಚೋಳರು ಹೇಳುತ್ತಾರೆ. ಯಾರು ಗೆದ್ದರೆಂದು ನಿರ್ಣಯಿಸುವುದಕ್ಕಿಂತ, ಕಲ್ಯಾಣವನ್ನು ಸುಟ್ಟ ಅರಸನೇ ಕೆಲವೇ ವರ್ಷಗಳಲ್ಲಿ ಚಾಳುಕ್ಯ ದಂಡಿನ ಎದುರು ಪ್ರಾಣ ಕಳೆದುಕೊಂಡನೆಂಬುದು ಇಲ್ಲಿ ಮುಖ್ಯ.

ಅಧ್ಯಾಪಕರು: ಅದು ಸೈನ್ಯದ ಚೇತರಿಕೆ. ನಾಡಿನ ಚೇತರಿಕೆಗೆ ಆಧಾರವಿದೆಯೇ?

ಶಾಸನಜ್ಞರು: ಇದೆ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿ ಎಂಬ ಊರಿದೆ. ಕೊಪ್ಪಂ ಯುದ್ಧವಾಗಿ ನಾಲ್ಕೇ ವರ್ಷಕ್ಕೆ, 1058ರಲ್ಲಿ, ಸೋಮೇಶ್ವರನ ದಂಡನಾಯಕ ಮಧುಸೂದನನು ಅಲ್ಲಿ ಘಟಿಕಾಸ್ಥಾನವನ್ನು, ಅಂದರೆ ಉನ್ನತ ವಿದ್ಯಾಕೇಂದ್ರವನ್ನು, ಏರ್ಪಡಿಸಿದನು. ವೇದವನ್ನೂ ಶಾಸ್ತ್ರವನ್ನೂ ಓದುವ ಸುಮಾರು 250 ವಿದ್ಯಾರ್ಥಿಗಳಿಗೆ ಊಟ ವಸತಿ, ಅವರ ಗುರುಗಳಿಗೆ ಭೂಮಿ, ಗ್ರಂಥಾಲಯವನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರಿಗೆ ಜೀವನಾಧಾರ ಎಂಬ ವಿವರಗಳು ಶಾಸನದಲ್ಲಿವೆ. ಯುದ್ಧ ನಡೆಸಿದ ಸೇನಾನಿಯೇ ಗ್ರಂಥಪಾಲಕರಿಗೆ ಹೊಲ ಬಿಟ್ಟುಕೊಡುವ ಸ್ಥಿತಿಯಲ್ಲಿದ್ದನೆಂದರೆ, ನಾಡಿನ ಕಂದಾಯವು ಸುಟ್ಟ ನಗರದೊಡನೆ ಬತ್ತಿಹೋಗಿರಲಿಲ್ಲವೆಂದು ತಿಳಿಯಬೇಕು.

ಅಧ್ಯಾಪಕರು: ಒಂದು ಆಕ್ಷೇಪವನ್ನು ಇಲ್ಲಿ ಎತ್ತಲೇಬೇಕಾಗಿದೆ. ದತ್ತಿ ಕೊಟ್ಟವರ ಹೆಸರು ಕಲ್ಲಿನ ಮೇಲಿದೆ. ಆ ದತ್ತಿಯ ಹೊಲವನ್ನು ಉತ್ತವರ, ದಂಡಿಗೆ ಧಾನ್ಯ ತೆತ್ತವರ ಹೆಸರು ಎಲ್ಲಿದೆ? ನಾಡು ಚೇತರಿಸಿಕೊಂಡಿತೆಂದು ಹೇಳುವಾಗ ದಂಡನಾಯಕರ ಸ್ಥಿತಿಯನ್ನೇ ನಾಡಿನ ಸ್ಥಿತಿಯೆಂದು ಭಾವಿಸಿದಂತಾಗುವುದಿಲ್ಲವೇ?

ಶಾಸನಜ್ಞರು: ತಮ್ಮ ಆಕ್ಷೇಪ ನ್ಯಾಯವಾದುದು. ದತ್ತಿಶಾಸನವು ಪಡೆದವರ ಮತ್ತು ಕೊಟ್ಟವರ ದಾಖಲೆ, ತೆತ್ತವರ ದಾಖಲೆಯಲ್ಲ. ಸಾಮಾನ್ಯರ ಮಾತು ಸ್ವಲ್ಪವಾದರೂ ಸಿಗುವುದು ವೀರಗಲ್ಲುಗಳಲ್ಲಿ. ಹೋರಾಟದಲ್ಲಿ ಸತ್ತವನ ನೆನಪಿಗೆ ನಿಲ್ಲಿಸುವ ಈ ಕಲ್ಲುಗಳಲ್ಲಿ ದೊಡ್ಡ ಯುದ್ಧಗಳಿಗಿಂತ ತುರುಗೋಳು, ಅಂದರೆ ದನಗಳ ಅಪಹರಣ, ಮತ್ತು ಊರಳಿವು, ಅಂದರೆ ಊರಿನ ಮೇಲಿನ ದಾಳಿ, ಇವೇ ಕನ್ನಡ ನಾಡಿನಲ್ಲೆಲ್ಲ ಹೆಚ್ಚಾಗಿ ಬರುತ್ತವೆ. ರೈತನ ಪಾಲಿಗೆ ಯುದ್ಧವೆಂದರೆ ಮನೆಯ ದನವನ್ನು ಅಟ್ಟಿಕೊಂಡು ಹೋದವರೊಡನೆ ಆದ ಕಾದಾಟ. ಆ ದಂಡು ಚೋಳನದೋ ಪಕ್ಕದ ಸಾಮಂತನದೋ ಎಂಬುದರಿಂದ ಅವನ ನಷ್ಟ ಬದಲಾಗುತ್ತಿರಲಿಲ್ಲ. ಚೇತರಿಕೆಯ ಮಾತನ್ನು ಈ ಮಿತಿಯೊಳಗೇ ಹೇಳಬೇಕು.

ಅಧ್ಯಾಪಕರು: ಚೋಳರೊಡನೆ ಹಗೆತನ ಮುಗಿದುದು ಯಾವಾಗ?

ಶಾಸನಜ್ಞರು: ಪೂರ್ತಿಯಾಗಿ ಮುಗಿಯಲಿಲ್ಲ, ಸ್ವರೂಪ ಬದಲಾಯಿತು. 1068ರಲ್ಲಿ ವಾಸಿಯಾಗದ ರೋಗಕ್ಕೆ ತುತ್ತಾದ ಸೋಮೇಶ್ವರನು ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಜಲಸಮಾಧಿ ಹೊಂದಿದನು. ಅವನ ಕಿರಿಯ ಮಗ ವಿಕ್ರಮಾದಿತ್ಯನು ಚೋಳ ವೀರರಾಜೇಂದ್ರನ ಮಗಳನ್ನು ಮದುವೆಯಾಗಿ, 1076ರಲ್ಲಿ ಅಣ್ಣ ಎರಡನೆಯ ಸೋಮೇಶ್ವರನನ್ನು ಪಟ್ಟದಿಂದ ಇಳಿಸಿ, ತನ್ನ ಹೆಸರಿನ ಚಾಳುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದನು. 1126ರವರೆಗಿನ ಅವನ ಐವತ್ತು ವರ್ಷಗಳ ಆಳ್ವಿಕೆಯಲ್ಲಿ ರಾಜಧಾನಿಗೆ ಶತ್ರುವಿನ ದಂಡು ಬರಲಿಲ್ಲ. 1118ರ ಹೊತ್ತಿಗೆ ದಂಡನಾಯಕ ಅನಂತಪಾಲನು ವೆಂಗಿಯನ್ನೇ ಆಳುತ್ತಿದ್ದನು. ಕಾಶ್ಮೀರದ ಬಿಲ್ಹಣನು ಇಲ್ಲಿಗೆ ಬಂದು ವಿಕ್ರಮಾಂಕದೇವಚರಿತವನ್ನು ಬರೆದನು. ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿ, ಅದರ ಕೊನೆಯಲ್ಲಿ ಕಲ್ಯಾಣದಂಥ ನಗರ ಬೇರೆ ಇಲ್ಲವೆಂದು ಕೊಂಡಾಡಿದನು. ಏಳು ನೂರು ವರ್ಷಗಳ ಮೇಲೆ ಬ್ರಿಟಿಷರ ನ್ಯಾಯಾಲಯಗಳು ಬಂಗಾಳವನ್ನು ಬಿಟ್ಟು ಭಾರತದ ಹೆಚ್ಚಿನ ಭಾಗದಲ್ಲಿ ಹಿಂದೂಗಳ ಪಿತ್ರಾರ್ಜಿತ ಆಸ್ತಿಯ ವ್ಯಾಜ್ಯಗಳನ್ನು ಅದೇ ಗ್ರಂಥದ ಆಧಾರದ ಮೇಲೆ ತೀರ್ಮಾನಿಸಿದವು. ಜಲಸಂಗಿಯ ದೇವಾಲಯದ ಹೊರಗೋಡೆಯಲ್ಲಿ ವಿಕ್ರಮಾದಿತ್ಯನ ಹೊಗಳಿಕೆಯ ಸಂಸ್ಕೃತ ಪದ್ಯವನ್ನು ಬರೆಯುತ್ತಿರುವ ಸ್ತ್ರೀಯ ಶಿಲ್ಪವಿದೆ. ಶಾಸನ ಸುಂದರಿಯೆಂದು ಹೆಸರಾದ ಅದು ಈ ಕಾಲದ್ದೇ.

ಅಧ್ಯಾಪಕರು: ಇಷ್ಟು ಬಲಿಷ್ಠವಾಗಿದ್ದ ರಾಜ್ಯವು ವಿಕ್ರಮಾದಿತ್ಯನು ತೀರಿಕೊಂಡ ಅರುವತ್ತು ಚಿಲ್ಲರೆ ವರ್ಷಗಳಲ್ಲಿ ಅಳಿದುಹೋದುದಕ್ಕೆ ಚೋಳರು ಕಾರಣರಲ್ಲವೆಂದಾದರೆ ಯಾರು ಕಾರಣರು?

ಶಾಸನಜ್ಞರು: ಯಾರು ರಾಜ್ಯವನ್ನು ಉಳಿಸಿದ್ದರೋ ಅವರೇ. ವಿಕ್ರಮಾದಿತ್ಯನ ಕಾಲದಲ್ಲಿಯೇ ಹೊಯ್ಸಳ ವಿಷ್ಣುವರ್ಧನನು ಬಂಡೆದ್ದಿದ್ದನು. ಅವನನ್ನು ಹಿಮ್ಮೆಟ್ಟಿಸಿದವನು ಅರಸನಲ್ಲ, ಯಲಬುರ್ಗದ ಸಿಂದರ ಆಚುಗಿ. ಒಬ್ಬ ಸಾಮಂತನನ್ನು ಇನ್ನೊಬ್ಬ ಸಾಮಂತನಿಂದ ಹತೋಟಿಯಲ್ಲಿಡುವ ಈ ಕ್ರಮವು ಸಮರ್ಥ ಅರಸನಿರುವವರೆಗೆ ಮಾತ್ರ ನಡೆಯಿತು. ಮೂರನೆಯ ತೈಲಪನ ಕಾಲಕ್ಕೆ ಮಂಗಳವಾಡದ, ಅಂದರೆ ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ, ಕಳಚುರಿ ಬಿಜ್ಜಳನು ಕಲ್ಯಾಣವನ್ನು ವಶಪಡಿಸಿಕೊಂಡನು. ಕಾಕತೀಯ ರುದ್ರದೇವನು 1163ರ ಹನುಮಕೊಂಡ ಶಾಸನದಲ್ಲಿ ತಾನು ಸ್ವತಂತ್ರನೆಂದು ಸಾರಿದನು. 1183ರ ಸುಮಾರಿಗೆ ನಾಲ್ಕನೆಯ ಸೋಮೇಶ್ವರನು ಕಲ್ಯಾಣವನ್ನು ಮರಳಿ ಪಡೆದರೂ, 1189ರ ಹೊತ್ತಿಗೆ ಉತ್ತರದಿಂದ ಸೇವುಣ ಭಿಲ್ಲಮನೂ ದಕ್ಷಿಣದಿಂದ ಹೊಯ್ಸಳ ವೀರಬಲ್ಲಾಳನೂ ರಾಜ್ಯವನ್ನು ಹಂಚಿಕೊಂಡರು. ಕಳಚುರಿ, ಕಾಕತೀಯ, ಸೇವುಣ, ಹೊಯ್ಸಳ ಈ ನಾಲ್ಕೂ ವಂಶಗಳು ಚಾಳುಕ್ಯರ ಗಡಿ ಕಾಯಲು ನೇಮಕಗೊಂಡಿದ್ದವುಗಳೇ. ತೈಲಪನು 973ರಲ್ಲಿ ತನ್ನ ಒಡೆಯನಿಗೆ ಮಾಡಿದುದನ್ನೇ ಅವರು ತೈಲಪನ ವಂಶಕ್ಕೆ ಮಾಡಿದರು.

ಅಧ್ಯಾಪಕರು: ಬಿಜ್ಜಳನ ಹೆಸರು ಬಂದ ಮೇಲೆ ಬಸವಣ್ಣನವರನ್ನು ಬಿಟ್ಟು ಕಲ್ಯಾಣದ ಮಾತು ಪೂರ್ಣವಾಗುವುದಿಲ್ಲ.

ಶಾಸನಜ್ಞರು: ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತ ಸೇರಿದ ಶರಣರಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ ಎಂಬಂತೆ ಕಾಯಕವೇ ಹೆಸರಿನೊಡನೆ ಸೇರಿರುವವರು ಅನೇಕರು. ದತ್ತಿಶಾಸನಗಳು ಹೆಸರಿಸದ ದುಡಿಯುವ ಜನರ ಧ್ವನಿ ವಚನಗಳಲ್ಲಿದೆ ಎಂಬುದರಿಂದ ತಮ್ಮ ಹಿಂದಿನ ಆಕ್ಷೇಪಕ್ಕೂ ಸ್ವಲ್ಪ ಉತ್ತರ ದೊರೆಯುತ್ತದೆ. 1167ರ ಸುಮಾರಿಗೆ ಅಂತರ್ಜಾತೀಯ ವಿವಾಹದ ನೆಪದಲ್ಲಿ ಎದ್ದ ಹಿಂಸೆಯಿಂದ ಶರಣರು ಚದುರಿದರು. ಚೆನ್ನಬಸವಣ್ಣನವರೊಡನೆ ಹಲವರು ಉಳವಿಯ ಕಡೆಗೆ ಹೋದರು. ಚೋಳರು ಸುಟ್ಟ ಕಲ್ಯಾಣಕ್ಕೆ ಜನ ಮರಳಿ ಬಂದಿದ್ದರು. ಒಳಗಿನ ಹಿಂಸೆಯಿಂದ ಬರಿದಾದ ಕಲ್ಯಾಣಕ್ಕೆ ಆ ಶರಣ ಸಮುದಾಯ ಮರಳಿ ಬರಲಿಲ್ಲ.

ಅಧ್ಯಾಪಕರು: ಆಮೇಲಿನ ಕಲ್ಯಾಣವಂತೂ ನಿಸ್ಸಂದೇಹವಾಗಿ ಗಡಿಯೇ. ಬಹಮನಿ ರಾಜ್ಯ ಒಡೆದ ಮೇಲೆ ಬೀದರ್, ಬಿಜಾಪುರ, ಅಹಮದನಗರಗಳ ನಡುವೆ ಅದರ ಕೋಟೆ ಕೈಬದಲಾಗುತ್ತ ಹೋಯಿತು. 1657ರಲ್ಲಿ ಔರಂಗಜೇಬನು ಬೀದರನ್ನೂ ಕಲ್ಯಾಣವನ್ನೂ ಮುತ್ತಿ ಹಿಡಿದನು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಮೇಲಿನ ಕಾರ್ಯಾಚರಣೆಯಲ್ಲಿ ಸೊಲ್ಲಾಪುರದಿಂದ ಹೊರಟ ಭಾರತದ ಸೇನೆಯು 14ರಂದು ಕಲ್ಯಾಣ ಮತ್ತು ಹುಮನಾಬಾದುಗಳ ನಡುವಿನ ರಾಜೇಶ್ವರವನ್ನು ತಲುಪಿತು. 1956ರ ಪುನರ್ವಿಂಗಡಣೆಯಲ್ಲಿ ಹಳೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೂ, ಜಹೀರಾಬಾದ್ ಮತ್ತು ನಾರಾಯಣಖೇಡಗಳು ಆಂಧ್ರಕ್ಕೂ ಹೋಗಿ, ಬಸವಕಲ್ಯಾಣ ಮತ್ತು ಹುಮನಾಬಾದುಗಳು ಮೈಸೂರು ರಾಜ್ಯಕ್ಕೆ ಬಂದವು. ಇಷ್ಟನ್ನೂ ನೋಡಿದರೆ ರಾಜಧಾನಿಯ ಕಾಲವೇ ಅಪವಾದ, ಗಡಿಯ ಕಾಲವೇ ನಿಯಮ ಎನಿಸುವುದಿಲ್ಲವೇ?

ಶಾಸನಜ್ಞರು: ಎರಡನ್ನೂ ಹಾಗೆ ಬೇರ್ಪಡಿಸುವ ಅಗತ್ಯವಿಲ್ಲ. ಮೂರು ದಿಕ್ಕಿನಿಂದ ದಾರಿಗಳು ಕೂಡುವ ನೆಲವು ಮೂರೂ ದಿಕ್ಕನ್ನು ಆಳಬಲ್ಲ ಅರಸನಿಗೆ ರಾಜಧಾನಿಯಾಗಿ ಒದಗುತ್ತದೆ, ಅಂಥ ಅರಸನಿಲ್ಲದಾಗ ಮೂವರ ನಡುವಿನ ಗಡಿಯಾಗುತ್ತದೆ. ಈ ಭಾಗದ ಶಾಲೆಗಳಲ್ಲಿ ಕಲ್ಯಾಣದ ಇತಿಹಾಸವನ್ನು ಹೇಳಿಕೊಡುವವರು ಕೊಪ್ಪಂ ಯುದ್ಧವನ್ನು ಹೇಳಿದ ಮೇಲೆ ನಾಗಾವಿಯ ಘಟಿಕಾಸ್ಥಾನವನ್ನು ಹೇಳದೆ ಬಿಡಬಾರದು. ಹೊಯ್ಸಳರ ಮತ್ತು ಕಾಕತೀಯರ ವೈಭವವನ್ನು ಹೇಳುವಾಗ ಅವರು ಯಾರ ಸಾಮಂತರಾಗಿದ್ದರೆಂಬುದನ್ನೂ ಮುಚ್ಚಬಾರದು. ಚಾಳುಕ್ಯರ ರಾಜ್ಯವು ರಾಜಧಾನಿ ಸುಟ್ಟ ಮೇಲೂ ನೂರ ನಲವತ್ತು ವರ್ಷ ಬಾಳಿತು. ಗಡಿಯ ಸಾಮಂತರು ಕೈಬಿಟ್ಟ ಮೇಲೆ ಒಂದು ತಲೆಮಾರಿನ ಕಾಲವೂ ಬಾಳಲಿಲ್ಲ.